ಬೋರ್ಡಿಲ್ಲದ ಬಾಗಿಲು

ಕುಡಿತ ಬಿಟ್ಟವರ ಸಭೆಯೊಂದನ್ನು ಹುಡುಕಿಕೊಂಡು ಹೋಗುವ ಪ್ರಸಂಗ ನನಗೆ ಬಂದೀತೆಂದು ನಾನು ಎಣಿಸಿರಲಿಲ್ಲ. ನಮ್ಮ ಮನೆತನದಲ್ಲಿ ಆ ಮಾತನ್ನೇ ಎತ್ತುವ ರೂಢಿಯಿಲ್ಲ. ದೊಡ್ಡಪ್ಪನ ಮಗ, ನನಗಿಂತ ಆರು ವರ್ಷಕ್ಕೆ ದೊಡ್ಡವನಾದ ಅಣ್ಣ ಕುಡಿಯುತ್ತಾನೆಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದೂ ಎಲ್ಲರಿಗೂ ಗೊತ್ತಿತ್ತು. ಮದುವೆ ಮುಂಜಿಗಳಿಗೆ ಅವನು ಬಾರದಿದ್ದರೆ "ಬ್ಯಾಂಕಿನಲ್ಲಿ ಆಡಿಟ್ಟಂತೆ" ಎನ್ನುತ್ತಿದ್ದೆವು. ಒಂದೊಂದು ವರ್ಷ ಎಷ್ಟು ಆಡಿಟ್ಟುಗಳು ನಡೆದವೋ ಲೆಕ್ಕವಿಲ್ಲ.

ಕೊನೆಗೆ ಅವನು ಹತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ, ಡಾಕ್ಟರು ಔಷಧದ ಚೀಟಿಯ ಜೊತೆಗೆ ಇನ್ನೊಂದು ಚೀಟಿಯನ್ನೂ ಕೊಟ್ಟು ಕಳುಹಿಸಿದ್ದರು. ಅದರಲ್ಲಿ ಬೆಂಗಳೂರಿನ ದಂಡು ಪ್ರದೇಶದ ಒಂದು ಬೀದಿಯ ಹೆಸರು, ಒಂದು ವಾರ, ಒಂದು ಗಂಟೆ—ಇಷ್ಟೇ ಇದ್ದುದು. ಚೀಟಿ ಮೂರು ವಾರ ದೇವರ ಮನೆಯ ಗೂಡಿನಲ್ಲಿ ಕುಳಿತಿತ್ತು. ನಾಲ್ಕನೆಯ ವಾರ ಅತ್ತಿಗೆ ನನಗೆ ಟೆಲಿಫೋನು ಮಾಡಿ, "ನೀನು ಜೊತೆಗೆ ಬಂದರೆ ಹೋಗ್ತಾರೋ ಏನೋಪ್ಪ. ನಾನು ಕರೆದರೆ ಜಗಳವಾಗುತ್ತೆ" ಎಂದರು.

ಹೋದೆವು. ಭಾನುವಾರದ ಸಂಜೆ. ಚೀಟಿಯಲ್ಲಿದ್ದ ಬೀದಿ ಸಿಕ್ಕಿತು, ಸಭೆ ಸಿಗಲಿಲ್ಲ. ಎಲ್ಲಿಯೂ ಬೋರ್ಡಿಲ್ಲ. ಅಂಗಡಿಯವನನ್ನು ಕೇಳೋಣವೆಂದರೆ ಏನೆಂದು ಕೇಳುವುದು? "ಇಲ್ಲಿ ಕುಡುಕರ ಸಭೆ ಎಲ್ಲಿ ನಡೆಯುತ್ತದೆ?" ಎಂದು ಅಣ್ಣನ ಎದುರಿನಲ್ಲಿ ಕೇಳಲು ನನಗೆ ನಾಲಗೆ ಏಳಲಿಲ್ಲ. ಅದೇ ಬೀದಿಯಲ್ಲಿ ಮೂರು ಬಾರಿ ಹೋಗಿ ಬಂದೆವು. ಅಷ್ಟರೊಳಗೆ ದೊಡ್ಡ ದೀಪದ ಬೋರ್ಡು ಹಾಕಿಕೊಂಡ ಹೆಂಡದಂಗಡಿಗಳು ಎರಡು ಕಣ್ಣಿಗೆ ಬಿದ್ದಿದ್ದವು. ಅವನ್ನು ಹುಡುಕಬೇಕಾಗಿರಲಿಲ್ಲ. "ಇಲ್ಲವೇನೋ ಕಣೋ, ನಡಿ ಹೋಗೋಣ" ಎಂದು ಅಣ್ಣ ಹೇಳುತ್ತಿದ್ದ ಹಾಗೆಯೇ, ಒಂದು ಇಗರ್ಜಿಯ ಹಿಂದಿನ ಗೇಟಿನ ಬಳಿ ನಿಂತಿದ್ದ ಮುದುಕರೊಬ್ಬರು ಅವನನ್ನು ನೋಡಿ, "ಹೊಸಬರಾ? ಬನ್ನಿ, ಕಾಫಿ ಬಿಸಿಯಾಗಿದೆ" ಎಂದರು. ಅವರು ಕೇಳಿದ್ದು ಅವನನ್ನೇ, ನನ್ನನ್ನಲ್ಲ. ನಮ್ಮಿಬ್ಬರಲ್ಲಿ ಹುಡುಕುತ್ತಿರುವವನು ಯಾರೆಂದು ಅವರಿಗೆ ಹೇಗೆ ತಿಳಿಯಿತೋ! ನನಗೆ ಮಾತ್ರ ಹೊರಗಿನ ಕಲ್ಲುಬೆಂಚು ತೋರಿಸಿದರು. ಅಂದಿನ ಸಭೆ ಕುಡಿತದ ತೊಂದರೆಯಿದ್ದವರಿಗೆ ಮಾತ್ರ, ಇತರರಿಗೆ ಪ್ರವೇಶವಿಲ್ಲ.

ಆ ಬೆಂಚಿನ ಮೇಲೆ ಒಂದೂವರೆ ಗಂಟೆ ಕುಳಿತಿದ್ದಾಗ ನನ್ನಲ್ಲಿ ಒಂದು ಪ್ರಶ್ನೆ ಹುಟ್ಟಿತು. ಚೀಟಿ ಕೈಯಲ್ಲಿದ್ದೂ ನಮಗೆ ಇಷ್ಟು ಕಷ್ಟವಾಯಿತು. ಜಗತ್ತಿನಲ್ಲಿ ಇಂಥ ಸಭೆಯೇ ಇಲ್ಲದಿದ್ದಾಗ ಮೊದಲು ಹುಡುಕಿದವನು ಏನನ್ನು ಹುಡುಕಿದ? ಅಂದಿನಿಂದ ಈ ವಿಷಯವಾಗಿ ಸಿಕ್ಕಿದ್ದನ್ನು ಓದುತ್ತ ಬಂದಿದ್ದೇನೆ. ಓದಿದ್ದರಲ್ಲಿ ನನಗೆ ಮುಖ್ಯವೆನಿಸಿದ್ದನ್ನು ಓದುಗರ ಮುಂದಿಡುತ್ತೇನೆ.

ಕಥೆ ನಡೆದದ್ದು ಅಮೆರಿಕದ ಒಹಾಯೊ ಸಂಸ್ಥಾನದ ಆಕ್ರನ್ ಎಂಬ ಊರಿನಲ್ಲಿ, 1935ನೆಯ ಇಸವಿ ಮೇ ತಿಂಗಳಿನಲ್ಲಿ. ಆಕ್ರನ್ ರಬ್ಬರಿನ ಊರು. ಮೋಟಾರುಗಳ ಟೈರು ಮಾಡುವ ದೊಡ್ಡ ಕಾರ್ಖಾನೆಗಳು ಅಲ್ಲಿದ್ದವು. ನ್ಯೂಯಾರ್ಕಿನ ಷೇರುಪೇಟೆಯ ವ್ಯವಹಾರಸ್ಥ ಬಿಲ್ ವಿಲ್ಸನ್ ಎಂಬಾತ ಒಂದು ಕಂಪನಿಯ ಆಡಳಿತವನ್ನು ತನ್ನ ಪಕ್ಷಕ್ಕೆ ಗೆಲ್ಲುವ ಕೆಲಸದ ಮೇಲೆ ಅಲ್ಲಿಗೆ ಬಂದಿದ್ದ. ಆಗ ಆತನಿಗೆ ಮೂವತ್ತೊಂಬತ್ತು ವರ್ಷ. ಬಂದ ಕೆಲಸ ಕೆಟ್ಟಿತು. ಜೊತೆಯವರು ಊರಿಗೆ ಮರಳಿದರು. ಮೇ 11, ಶನಿವಾರದಂದು ಆತ ಮೇಫ್ಲವರ್ ಹೋಟೆಲಿನ ಹಜಾರದಲ್ಲಿ ಒಬ್ಬನೇ ಶತಪಥ ತಿರುಗುತ್ತಿದ್ದ. ಜೇಬಿನಲ್ಲಿ ಇದ್ದುದು ಹತ್ತು ಡಾಲರಿನಷ್ಟು ಹಣ. ಹಜಾರದ ಒಂದು ಪಕ್ಕದಲ್ಲಿ ಪಾನಶಾಲೆ. ಅದರೊಳಗಿಂದ ನಗುವೂ ಗಾಜಿನ ಸದ್ದೂ ಕೇಳಿಬರುತ್ತಿದ್ದವು.

ಬಿಲ್ ವಿಲ್ಸನ್ ಕುಡಿತದಿಂದ ಹಾಳಾಗಿದ್ದವನು. ಐದೇ ತಿಂಗಳ ಹಿಂದೆ, 1934ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ನಾಲ್ಕನೆಯ ಬಾರಿ ಸೇರಿದ್ದ. ಅದಕ್ಕೆ ಕೆಲವು ದಿನ ಮೊದಲು ಎಬಿ ಥ್ಯಾಚರ್ ಎಂಬ ಹಳೆಯ ಗೆಳೆಯ, ತನ್ನಂತೆಯೇ ಕುಡುಕನೆಂದು ಹೆಸರಾದವನು, ಮನೆಗೆ ಬಂದಿದ್ದ. ಮುಂದಿಟ್ಟ ಬಟ್ಟಲನ್ನು ಅವನು ಮುಟ್ಟಲಿಲ್ಲ, ಬಿಟ್ಟಿದ್ದೇನೆ ಎಂದ. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಸತ್ಸಂಗವೊಂದನ್ನು ಆತ ಸೇರಿಕೊಂಡಿದ್ದ. ಪಾದ್ರಿಗಳು, ಹೆಂಡತಿ, ಡಾಕ್ಟರು ಹೇಳಿದ್ದನ್ನೆಲ್ಲ ಕಿವಿಯ ಮೇಲೆ ಹಾಕಿಕೊಳ್ಳದೆ ಇದ್ದ ಬಿಲ್‌ಗೆ ಈ ಗೆಳೆಯನ ಮುಖ ಮಾತ್ರ ಮರೆಯದಾಯಿತು. ಆಸ್ಪತ್ರೆಯಲ್ಲಿ ಆತನಿಗೆ ಒಂದು ದಿವ್ಯಾನುಭವವಾಯಿತೆಂದು ಆತನೇ ಬರೆದಿದ್ದಾನೆ. ಅದನ್ನು ಹೇಗೆ ಬೇಕಾದರೂ ವಿವರಿಸಿಕೊಳ್ಳಬಹುದು. ಆ ಬಳಿಕ ಆತ ಕುಡಿಯಲಿಲ್ಲ ಎಂಬುದು ಮಾತ್ರ ನಿಜ.

ಆಸ್ಪತ್ರೆಯಿಂದ ಬಂದವನೇ ಆತ ಊರಿನ ಕುಡುಕರನ್ನೆಲ್ಲ ಉದ್ಧಾರ ಮಾಡಹೊರಟ. ಕೆಲವರನ್ನು ಮನೆಗೇ ಕರೆತಂದು ಇಟ್ಟುಕೊಂಡ. ಐದಾರು ತಿಂಗಳಲ್ಲಿ ಒಬ್ಬನೂ ಕುಡಿತ ಬಿಡಲಿಲ್ಲ. ಬೇಸತ್ತು ಹೆಂಡತಿಯ ಮುಂದೆ ಗೋಳಾಡಿಕೊಂಡಾಗ ಆಕೆ, ಅವರು ಬಿಡದಿದ್ದರೇನು, ಅಷ್ಟು ದಿನವೂ ನೀವು ಕುಡಿಯಲಿಲ್ಲವಲ್ಲ ಎಂಬ ಅರ್ಥದ ಮಾತು ಹೇಳಿದಳಂತೆ. ಆಸ್ಪತ್ರೆಯ ಡಾಕ್ಟರ್ ಸಿಲ್ಕ್‌ವರ್ತ್ ಬೇರೊಂದು ಬುದ್ಧಿ ಹೇಳಿದರು: ಉಪದೇಶ ನಿಲ್ಲಿಸು, ದಿವ್ಯದರ್ಶನದ ವರ್ಣನೆ ಬಿಡು, ಮೊದಲು ಇದು ಎಂಥ ರೋಗ, ನಿನ್ನನ್ನು ಹೇಗೆ ಹಿಡಿಯಿತು ಎಂಬುದನ್ನು ಹೇಳು.

ಈ ಎರಡು ಮಾತುಗಳೂ ಆ ಶನಿವಾರ ಹೋಟೆಲಿನ ಹಜಾರದಲ್ಲಿ ಆತನಿಗೆ ಒಟ್ಟಿಗೆ ನೆನಪಾಗಿರಬೇಕು. ಪಾನಶಾಲೆಗೆ ಹೋಗಿ ಯಾರೊಡನೆಯಾದರೂ ಕುಳಿತರೆ ಹೊತ್ತು ಹೋದೀತು ಎಂಬ ಆಸೆ ಒಂದು ಕಡೆ. ಕುಳಿತರೆ ಮುಗಿಯಿತು ಎಂಬ ಭಯ ಇನ್ನೊಂದು ಕಡೆ. ಆಗ ಆತನಿಗೆ ಹೊಳೆದದ್ದು ವಿಚಿತ್ರವಾದ ಉಪಾಯ: ನಾನು ಕುಡಿಯದಿರಬೇಕಾದರೆ ಈಗಲೇ ಇನ್ನೊಬ್ಬ ಕುಡುಕನೊಡನೆ ಮಾತಾಡಬೇಕು. ಗಮನಿಸಬೇಕಾದ ಸಂಗತಿ ಇದು. ಆತ ಹುಡುಕಿದ್ದು ತನ್ನನ್ನು ಉಳಿಸುವ ವೈದ್ಯನನ್ನಲ್ಲ, ಗುರುವನ್ನಲ್ಲ, ತನ್ನಷ್ಟೇ ಕೆಟ್ಟವನೊಬ್ಬನನ್ನು.

ಆದರೆ ಪರವೂರಿನಲ್ಲಿ ಕುಡುಕನನ್ನು, ಅದೂ ಬಿಡಬೇಕೆನ್ನುವ ಕುಡುಕನನ್ನು, ಹುಡುಕುವುದು ಹೇಗೆ? ಹಜಾರದಲ್ಲಿ ಊರಿನ ಇಗರ್ಜಿಗಳ ಪಟ್ಟಿಯೊಂದನ್ನು ತೂಗುಹಾಕಿದ್ದರು. ಪಟ್ಟಿಯಿಂದ ಒಂದು ಹೆಸರನ್ನು ಆರಿಸಿ ಟೆಲಿಫೋನು ಮಾಡಿದ. ಅತ್ತ ಕಡೆ ಸಿಕ್ಕಿದವರು ವಾಲ್ಟರ್ ಟಂಕ್ಸ್ ಎಂಬ ಪಾದ್ರಿ. ಪರಿಚಯವಿಲ್ಲದ ಯಾರೋ ಶನಿವಾರ ಸಂಜೆ ಫೋನಿನಲ್ಲಿ "ನಾನು ನ್ಯೂಯಾರ್ಕಿನ ಕುಡುಕ, ನನಗೊಬ್ಬ ಕುಡುಕ ಬೇಕು" ಎಂಬಂತೆ ಮಾತಾಡಿದರೆ ಯಾರಿಗಾದರೂ ತಮಾಷೆಯೆನಿಸಬಹುದು. ಟಂಕ್ಸರು ಫೋನು ಇಡಲಿಲ್ಲ. ಸುಮಾರು ಹತ್ತು ಜನರ ಹೆಸರು ಕೊಟ್ಟರು. ಬಿಲ್ ಒಂದೊಂದಾಗಿ ಕರೆದ. ಒಬ್ಬರು ಊರಿನಲ್ಲಿಲ್ಲ, ಇನ್ನೊಬ್ಬರಿಗೆ ಪುರಸೊತ್ತಿಲ್ಲ. ಆ ಪಟ್ಟಿಯ ಕೊನೆಯಲ್ಲಿ ದಾರಿ ಮುಟ್ಟಿದ್ದು ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯ ಬಳಿಗೆ.

ಈಕೆ ಗುಡ್‌ಇಯರ್ ಟೈರು ಕಂಪನಿಯನ್ನು ಸ್ಥಾಪಿಸಿದ ಮನೆತನದ ಸೊಸೆ. ಈಕೆಯೂ ಆಕ್ಸ್‌ಫರ್ಡ್ ಗ್ರೂಪಿನವಳೇ. ಕುಡಿತದ ಸೋಂಕು ಆಕೆಗಿರಲಿಲ್ಲ. ಆದರೆ ಆಕೆಯ ಸತ್ಸಂಗದಲ್ಲಿ ಒಬ್ಬ ಶಸ್ತ್ರವೈದ್ಯ ತನ್ನ ಗುಟ್ಟನ್ನು ಬಿಚ್ಚಿ ಹೇಳಿದ್ದ. ಅವನಿಗಾಗಿ ಆಕೆ ಪ್ರಾರ್ಥಿಸುತ್ತಿದ್ದಳು. ಆತ ಡಾಕ್ಟರ್ ರಾಬರ್ಟ್ ಸ್ಮಿತ್. ಆಕೆ ಕೂಡಲೇ ಸ್ಮಿತ್ತರ ಮನೆಗೆ ಫೋನು ಮಾಡಿದಳು. ಡಾಕ್ಟರ ಹೆಂಡತಿ ಇಂದು ಸಾಧ್ಯವಿಲ್ಲವೆಂದಳು. ಮರುದಿನ ಅಲ್ಲಿ ತಾಯಂದಿರ ದಿನವೆಂದು ಆಚರಿಸುವ ಭಾನುವಾರ. ಗಂಡ ಹೆಂಡತಿಗಾಗಿ ಒಂದು ಹೂಗಿಡದ ಕುಂಡ ತಂದಿದ್ದ; ತಂದವನು ಮಾತ್ರ ಎಚ್ಚರವಿಲ್ಲದೆ ಬಿದ್ದಿದ್ದ.

ಮರುದಿನ, ಮೇ 12ರ ಸಂಜೆ ಐದು ಗಂಟೆಗೆ, ಸೈಬರ್ಲಿಂಗರ ಎಸ್ಟೇಟಿನ ಹೆಬ್ಬಾಗಿಲ ಪಕ್ಕದ ಚಿಕ್ಕ ಮನೆಯಲ್ಲಿ ಇಬ್ಬರೂ ಸೇರಿದರು. ಕೈನಡುಕದ ಡಾಕ್ಟರು, ಹದಿನೈದು ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲವೆಂದು ಹೆಂಡತಿಯಿಂದ ಮಾತು ತೆಗೆದುಕೊಂಡು ಬಂದಿದ್ದರು. ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ಬಿಲ್ ಉಪದೇಶ ಮಾಡಲಿಲ್ಲ. ತಾನು ಕುಡಿದದ್ದು, ಮುಚ್ಚಿಟ್ಟದ್ದು, ಆಣೆಯಿಟ್ಟು ಮುರಿದದ್ದು ಇವನ್ನೇ ಹೇಳಿದ. ಈ ವಿಷಯದಲ್ಲಿ ತನಗೆ ಅನುಭವದಿಂದ ತಿಳಿದು ಮಾತಾಡಿದ ಮೊದಲ ಮನುಷ್ಯ ಈತ ಎಂದು ಡಾಕ್ಟರು ಮುಂದೆ ಹೇಳುತ್ತಿದ್ದರು.

ಹೀಗೆ ಹೇಳಿದರೆ ಪುರಾಣದ ಕಥೆಯಂತೆ ಮುಗಿದುಬಿಡುತ್ತದೆ. ಆದರೆ ಡಾಕ್ಟರು ಆ ರಾತ್ರಿಯೇ ಗುಣವಾಗಲಿಲ್ಲ. ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆಂದು ಹೋಗಿ ಮತ್ತೆ ಕುಡಿದರು. ಮರಳಿದಾಗ ಎದುರಿಗೇ ಒಂದು ಶಸ್ತ್ರಚಿಕಿತ್ಸೆಯಿತ್ತು. ಅಂದು ಬೆಳಿಗ್ಗೆ ಕೈನಡುಕ ನಿಲ್ಲಲೆಂದು ಬಿಲ್ಲೇ ಅವರಿಗೆ ಒಂದು ಬಾಟಲಿ ಬಿಯರು ಕೊಟ್ಟ. ಅದೇ ಅವರ ಕೊನೆಯ ಕುಡಿತ. ದಿನಾಂಕ 1935ರ ಜೂನ್ 10 ಎಂದು ಸಂಪ್ರದಾಯ. ಅದನ್ನೇ ಆ ಸಂಸ್ಥೆಯ ಜನ್ಮದಿನವೆಂದು ಎಣಿಸುತ್ತಾರೆ. ಮುಂದೆ 1950ರಲ್ಲಿ ತೀರಿಕೊಳ್ಳುವವರೆಗೂ ಅವರು ಕುಡಿಯಲಿಲ್ಲ.

ಇಬ್ಬರಾದರು. ಮೂರನೆಯವನನ್ನು ಹುಡುಕಿದ್ದು ಎಲ್ಲಿ? ಆಕ್ರನ್ನಿನ ಆಸ್ಪತ್ರೆಗೆ ಫೋನು ಮಾಡಿ, ನಿಮ್ಮಲ್ಲಿ ಕುಡಿತದ ರೋಗಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಒಬ್ಬ ವಕೀಲನಿದ್ದ. ಇಬ್ಬರೂ ಹೋಗಿ ಅವನ ಮಂಚದ ಪಕ್ಕದಲ್ಲಿ ಕುಳಿತರು. ಅವನು ಎದ್ದು ಹೋದವನು ಮತ್ತೆ ಕುಡಿಯಲಿಲ್ಲ. 1939ರ ಏಪ್ರಿಲಿನಲ್ಲಿ ಅವರು ತಮ್ಮ ಅನುಭವಗಳ ಪುಸ್ತಕವೊಂದನ್ನು ಅಚ್ಚು ಹಾಕಿಸುವ ಹೊತ್ತಿಗೆ ನೂರರಷ್ಟು ಜನರಾಗಿದ್ದರು. ಪುಸ್ತಕದ ಹೆಸರೇ ಸಂಘದ ಹೆಸರಾಯಿತು: ಆಲ್ಕೊಹಾಲಿಕ್ಸ್ ಅನಾನಿಮಸ್, ಅನಾಮಧೇಯ ಮದ್ಯವ್ಯಸನಿಗಳು.

ಈ ಅನಾಮಧೇಯತೆಯೇ ಮುಂದಿನ ತೊಡಕು. ಹೆಸರು ಹೊರಗೆ ಬಂದರೆ ಕೆಲಸ ಹೋದೀತು, ಮಾನ ಹೋದೀತು ಎಂಬ ಹೆದರಿಕೆಯಿದ್ದವನಿಗೆ ಹೆಸರಿಲ್ಲದ ಸಂಘವೇ ಬೇಕು. ಆದರೆ ಹೆಸರು ಮುಚ್ಚಿಟ್ಟುಕೊಂಡ ಸಂಘವನ್ನು ಹೊಸಬನು ಹುಡುಕುವುದು ಹೇಗೆ? ಅವರ ಚರಿತ್ರೆಯಲ್ಲೆಲ್ಲ ಈ ಎರಡರ ಹಗ್ಗಜಗ್ಗಾಟವೇ ಕಾಣುತ್ತದೆ. ಮೊದಮೊದಲು ನ್ಯೂಯಾರ್ಕಿನ ಒಂದು ಅಂಚೆಪೆಟ್ಟಿಗೆಯ ನಂಬರೇ ಅವರ ವಿಳಾಸ. 1941ರ ಮಾರ್ಚ್ 1ರಂದು 'ಸ್ಯಾಟರ್ಡೆ ಈವ್ನಿಂಗ್ ಪೋಸ್ಟ್' ಎಂಬ ವಾರಪತ್ರಿಕೆಯಲ್ಲಿ ಜ್ಯಾಕ್ ಅಲೆಗ್ಸಾಂಡರ್ ಎಂಬ ಪತ್ರಕರ್ತ ಅವರ ಬಗ್ಗೆ ಲೇಖನ ಬರೆದ. ಇದೊಂದು ಮೋಸವಿರಬೇಕೆಂಬ ಅನುಮಾನದಿಂದಲೇ ಆತ ವಿಚಾರಣೆಗೆ ಹೊರಟಿದ್ದನಂತೆ. ನೋಡಿ ಒಲಿದು ಬರೆದ. ಸಾವಿರಗಟ್ಟಲೆ ಕಾಗದಗಳು ಬಂದವು. ಹೆಂಡತಿಯರು, ತಾಯಂದಿರು, ಕುಡುಕರು ತಾವೇ ಬರೆದ ಕಾಗದಗಳು. ಆ ವರ್ಷದ ಆದಿಯಲ್ಲಿ ಎರಡು ಸಾವಿರದಷ್ಟಿದ್ದ ಸದಸ್ಯರು ವರ್ಷಾಂತ್ಯಕ್ಕೆ ಎಂಟು ಸಾವಿರವಾದರು. ಗುಂಪು ಇಲ್ಲದ ಊರಿನಿಂದ ಬರೆದವನಿಗೆ ಕಚೇರಿಯವರು ಪುಸ್ತಕದ ವಿಷಯ ತಿಳಿಸಿ, ಅದೇ ಊರಿನಿಂದ ಇನ್ನೊಬ್ಬನು ಬರೆದಿದ್ದರೆ ಇಬ್ಬರಿಗೂ ಗಂಟು ಹಾಕುತ್ತಿದ್ದರು. ಇಬ್ಬರು ಸೇರಿದರೆ ಸಭೆಯಾಯಿತು.

ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿತ್ತೆಂದು ಹೇಳಲಾರೆ. ಹೆಂಗಸರು ಕುಡಿತದ ರೋಗಿಗಳಾಗಿರಬಹುದೆಂಬುದನ್ನು ಮೊದಲ ಗುಂಪುಗಳು ಸುಲಭವಾಗಿ ಒಪ್ಪಲಿಲ್ಲ. 1939ರಲ್ಲಿ ಸೇರಿದ ಮಾರ್ಟಿ ಮ್ಯಾನ್ ಎಂಬ ಮಹಿಳೆ ಆ ದಾರಿಯನ್ನು ಬಿಡಿಸಿದಳು. ವರ್ಣಭೇದದ ಆ ದಿನಗಳಲ್ಲಿ ಕರಿಯ ಜನ ಬೇರೆಯೇ ಗುಂಪು ಕಟ್ಟಿಕೊಳ್ಳಬೇಕಾಯಿತು. ವಾಷಿಂಗ್ಟನ್ನಿನಲ್ಲಿ ಒಬ್ಬ ಕರಿಯ ಡಾಕ್ಟರು 1945ರಲ್ಲಿ ಅಂಥದನ್ನು ಆರಂಭಿಸಿದರು. ಇಂಥ ಅನುಭವಗಳನ್ನೆಲ್ಲ ಕಂಡ ಮೇಲೆಯೇ, ಕುಡಿತ ಬಿಡಬೇಕೆಂಬ ಇಚ್ಛೆಯೊಂದನ್ನುಳಿದು ಸದಸ್ಯತ್ವಕ್ಕೆ ಬೇರೆ ಅರ್ಹತೆ ಬೇಡವೆಂಬ ನಿಯಮವನ್ನು ಅವರು 1950ರ ಸಮ್ಮೇಳನದಲ್ಲಿ ಅಂಗೀಕರಿಸಿದರು. ಮರುವರ್ಷ, 1951ರಲ್ಲಿ, ಬಿಲ್ಲನ ಹೆಂಡತಿ ಲೋಯಿಸ್ ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೊಂದು ಸಭೆಗೆ ರೂಪ ಕೊಟ್ಟಳು. ಇದನ್ನು ಓದಿದಾಗ ನಮ್ಮ ಅತ್ತಿಗೆಯ ನೆನಪಾಯಿತು.

ಆದರೆ ಕುಡುಕರು ಕುಡುಕರಿಗೆ ನೆರವಾಗುವ ಉಪಾಯ 1935ರಲ್ಲಿಯೇ ಹುಟ್ಟಿತೆಂದು ತಿಳಿಯಬಾರದು. ಅದಕ್ಕೆ ತೊಂಬತ್ತೈದು ವರ್ಷ ಮೊದಲು, 1840ರಲ್ಲಿ, ಬಾಲ್ಟಿಮೋರ್ ಪಟ್ಟಣದ ಚೇಸ್ ಎಂಬವನ ಹೆಂಡದಂಗಡಿಯಲ್ಲಿ ಕುಳಿತಿದ್ದ ಆರು ಜನ ಕುಡುಕರು ತಾವು ಇನ್ನು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿ 'ವಾಷಿಂಗ್ಟೋನಿಯನ್' ಸಂಘವನ್ನು ಕಟ್ಟಿದರು. ವಾರಕ್ಕೊಮ್ಮೆ ಸೇರುವುದು, ಒಬ್ಬೊಬ್ಬರೂ ಎದ್ದು ತಮ್ಮ ಕಥೆ ಹೇಳುವುದು, ಮುಂದಿನ ಸಾರಿ ಇನ್ನೊಬ್ಬನನ್ನು ಕರೆತರುವುದು, ಇದೇ ಕ್ರಮ. ಎರಡು ವರ್ಷಗಳಲ್ಲಿ ಅದು ಕಾಡುಕಿಚ್ಚಿನಂತೆ ಹಬ್ಬಿತು. 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡಿನ ಅವರ ಸಭೆಯಲ್ಲಿ ಮಾತಾಡಿದ ಮೂವತ್ತಮೂರು ವರ್ಷದ ವಕೀಲನ ಹೆಸರು ಅಬ್ರಹಾಂ ಲಿಂಕನ್. ಕುಡುಕನನ್ನು ಬೈದು ತಿದ್ದಲಾಗದು, ಸ್ನೇಹದಿಂದ ತಿದ್ದಬೇಕು ಎಂಬುದು ಅವನ ಭಾಷಣದ ತಿರುಳು. ಇಷ್ಟಾದರೂ ಹತ್ತು ವರ್ಷ ತುಂಬುವುದರೊಳಗೆ ಸಂಘ ಹೆಚ್ಚುಕಡಿಮೆ ಅಳಿಸಿಹೋಯಿತು. ಮೆರವಣಿಗೆ, ಭಾಷಣವೀರರು, ಪಾನನಿರೋಧದ ಕಾನೂನು ಬೇಕೋ ಬೇಡವೋ ಎಂಬ ರಾಜಕೀಯ ಒಳಹೊಕ್ಕವು. ಒಬ್ಬನೊಡನೆ ಒಬ್ಬ ಕುಳಿತು ಆಡುವ ಮಾತು ಹೊರಬಿತ್ತು. ಬಿಲ್ಲನ ಸಂಘದವರು ಈ ಕಥೆಯಿಂದ ಪಾಠ ಕಲಿತರು. ಯಾವ ವಾದವಿವಾದಕ್ಕೂ ಸಂಘ ಇಳಿಯಕೂಡದು, ಹೊರಗಿನವರ ಹಣ ಮುಟ್ಟಕೂಡದು, ಪತ್ರಿಕೆಯಲ್ಲಿ ಯಾರ ಹೆಸರೂ ಬರಕೂಡದು ಎಂದು ಕಟ್ಟುಮಾಡಿಕೊಂಡರು. ಬಿಲ್ಲನ ಪೂರ್ಣ ಹೆಸರು ಲೋಕಕ್ಕೆಲ್ಲ ತಿಳಿದದ್ದು 1971ರಲ್ಲಿ ಆತ ತೀರಿಕೊಂಡ ಮೇಲೆಯೇ.

ಕಾನೂನಿನ ಮಾತು ಬಂದಿತು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧವಿತ್ತು. ಬಿಲ್ ಮತ್ತು ಸ್ಮಿತ್ ಇಬ್ಬರೂ ಆ ಹದಿಮೂರು ವರ್ಷವೂ ಕುಡಿದವರೇ. ನಮ್ಮ ದೇಶದಲ್ಲಿ ಈ ಸಭೆಗಳ ಆರಂಭವನ್ನು 1957ರಿಂದ ಎಣಿಸುತ್ತಾರೆ. ಅವು ಬೇರೂರಿದ ಊರುಗಳಲ್ಲಿ ಮುಂಬಯಿ ಮೊದಲಿನದು. ಆಗ ಆ ಸಂಸ್ಥಾನದಲ್ಲಿ 1949ರ ಪಾನನಿರೋಧ ಕಾನೂನು ಜಾರಿಯಲ್ಲಿತ್ತು. ನಮ್ಮ ಧಾರವಾಡ ಬೆಳಗಾವಿಗಳೂ 1956ರವರೆಗೆ ಅದೇ ಸಂಸ್ಥಾನಕ್ಕೆ ಸೇರಿದ್ದವು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು. ಮನೆಯೊಳಗಿನ ಮನುಷ್ಯನಿಗೆ ಬೇರೊಂದು ಬಾಗಿಲನ್ನು ಇನ್ನೊಬ್ಬ ಮನುಷ್ಯನೇ ತೆರೆಯಬೇಕು ಎಂಬುದಕ್ಕೆ ಈ ಎರಡೂ ಸಂಗತಿಗಳು ಸಾಕ್ಷಿ. ನಮ್ಮ ನಾಡಿನಲ್ಲಿ ಧರ್ಮಸ್ಥಳದವರು ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿಯೂ ಈ ತಿಳಿವಳಿಕೆ ಕಾಣುತ್ತದೆ. ಶಿಬಿರ ಮುಗಿದ ಮೇಲೆ ಬಿಟ್ಟವರನ್ನು ಹಾಗೆಯೇ ಊರಿಗೆ ಕಳುಹಿಸಿಬಿಡದೆ, ಅವರವರೇ ಸೇರುತ್ತಿರಲೆಂದು 'ನವಜೀವನ ಸಮಿತಿ'ಗಳನ್ನು ಮಾಡುತ್ತಾರೆ.

ಇದರಿಂದ ಎಲ್ಲರಿಗೂ ಗುಣವಾಗುತ್ತದೆಯೇ ಎಂದು ಓದುಗರು ಕೇಳಬಹುದು. ಇಲ್ಲ. ಬಿಲ್ಲನ ಮನೆಗೆ ಮೊದಲು ಸುದ್ದಿ ತಂದ ಎಬಿ ಥ್ಯಾಚರನೇ ಮತ್ತೆ ಮತ್ತೆ ಜಾರಿದ, ಎದ್ದ, ಜಾರಿದ. 1966ರಲ್ಲಿ ತೀರಿಕೊಂಡಾಗ ಕುಡಿಯದೆ ಎರಡು ವರ್ಷದಷ್ಟಾಗಿತ್ತು. ಬಿಲ್ ಕೊನೆಯವರೆಗೂ ಅವನನ್ನು ತನಗೆ ದಾರಿ ತೋರಿಸಿದವನೆಂದೇ ಕರೆಯುತ್ತಿದ್ದ. ದೇವರ ಮಾತು ಹೆಚ್ಚೆಂದು ಈ ಸಭೆಗಳಿಗೆ ಒಗ್ಗದವರೂ ಇದ್ದಾರೆ. ಅವರಿಗೆ ಬೇರೆ ದಾರಿಗಳಿವೆ. ಆದರೂ 2020ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ವಿಮರ್ಶಾ ಸಂಸ್ಥೆ 27 ಅಧ್ಯಯನಗಳನ್ನು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು, ಒರೆಗೆ ಹಚ್ಚಿ ನೋಡಿದಾಗ, ಪೂರ್ತಿಯಾಗಿ ಕುಡಿತ ಬಿಟ್ಟಿರುವ ವಿಷಯದಲ್ಲಿ ಈ ಸಭೆಗಳಿಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆಯ ಫಲ ಇತರ ಚಿಕಿತ್ಸೆಗಳಿಗಿಂತ ಕಡಿಮೆಯಲ್ಲ, ಹಲವು ಕಡೆ ಹೆಚ್ಚು ಎಂದು ಕಂಡಿತು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು: ಬಹಳ ಕಾಲದಿಂದ ವಿಪರೀತ ಕುಡಿಯುತ್ತಿದ್ದವರು ಡಾಕ್ಟರ ನೆರವಿಲ್ಲದೆ ಒಮ್ಮೆಗೇ ನಿಲ್ಲಿಸಿದರೆ ಫಿಟ್ಸು, ಸನ್ನಿ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಮೊದಲು ಡಾಕ್ಟರು, ಆಮೇಲೆ ಸಭೆ.

ಅಂದು ಅಣ್ಣ ಹೊರಗೆ ಬಂದಾಗ ಕತ್ತಲಾಗಿತ್ತು. ಏನು ನಡೆಯಿತೆಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಅವನೇ, "ಒಬ್ಬರು ತಮ್ಮ ವಿಷಯ ಹೇಳಿದರು ಕಣೋ. ಆಡಿಟ್ಟು ಅಂತ ಸುಳ್ಳು ಹೇಳ್ತಿದ್ದರಂತೆ" ಎಂದು ಹೇಳಿ ಕಿಟಕಿಯ ಕಡೆಗೆ ತಿರುಗಿದ. ಆ ಸುಳ್ಳು ನಮ್ಮ ಮನೆಯದೊಂದೇ ಎಂದು ನಾವಿಬ್ಬರೂ ತಿಳಿದುಕೊಂಡಿದ್ದೆವು.

ಇದಾಗಿ ಎಂಟು ತಿಂಗಳಾಯಿತು. ನಡುವೆ ಒಮ್ಮೆ ಜಾರಿದ, ಮತ್ತೆ ಹೋದ. ಈಗ ನಾನು ಜೊತೆಗೆ ಹೋಗುವುದಿಲ್ಲ, ಅವನಿಗೆ ಬೇಕಾಗಿಲ್ಲ. ಇವತ್ತಿನ ಕಾಲದಲ್ಲಿ ಸಹಾಯವಾಣಿಯಿದೆ, ಸಭೆಗಳ ಪಟ್ಟಿ ಅಂತರಜಾಲದಲ್ಲಿಯೇ ಸಿಗುತ್ತದೆ. ಆದರೆ ಪಟ್ಟಿಯನ್ನು ಹಿಡಿದುಕೊಂಡು ಬೀದಿಯ ಕೊನೆಯವರೆಗೆ ಬಂದು ಮರಳಿ ಹೋಗುವವರು ಇದ್ದೇ ಇರುತ್ತಾರೆಂದು ಅಣ್ಣ ಹೇಳುತ್ತಾನೆ. ಅದಕ್ಕಾಗಿ ಭಾನುವಾರ ಅರ್ಧ ಗಂಟೆ ಮೊದಲೇ ಹೊರಡುತ್ತಾನೆ. ಮುದುಕರಿಗೆ ಮೊಣಕಾಲು ನೋವು. ಬಹಳ ಹೊತ್ತು ಗೇಟಿನಲ್ಲಿ ನಿಲ್ಲಲಾರರು. ಅವನು ನಿಲ್ಲುತ್ತಾನೆ.